ಕಾರು ಮಾರಿದ್ದು ನಿನ್ನ ಫೀಸಿಗಲ್ಲ

ಚಿಕ್ಕಮಗಳೂರು
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಾನು ಧ್ವನಿ ಏರಿಸಬಾರದಿತ್ತು. ನೀನು ಕೊಳ್ಳಹೊರಟಿರುವ 2014ರ ಆ ಕೆಂಪು ಡೀಸೆಲ್ ಕಾರು ಬೇಡವೆಂಬ ಮಾತಿಗೆ ನಾನು ಇಂದೂ ಬದ್ಧ, ಆದರೆ ಅದನ್ನು ಹೇಳಿದ ರೀತಿಗೆ ನಾಚಿಕೆಯಾಗಿದೆ. ನಮ್ಮಿಬ್ಬರ ನಡುವೆ ಆದ ಉಳಿದ ಮಾತುಗಳು ನಿನಗೂ ನೆನಪಿರುವುದರಿಂದ ಅವನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಫೋನ್ ಇಡುವ ಮುನ್ನ ನೀನು ಆಡಿದ ಕೊನೆಯ ಮಾತೊಂದೇ ಈ ಪತ್ರ ಬರೆಸುತ್ತಿದೆ. "ನನ್ನ ಫೀಸಿಗೆ ಅಂತ ನೀವು ಕಾರು ಮಾರಿದ್ರಿ, ಅದಕ್ಕೇ ನನ್ನ ದುಡ್ಡಲ್ಲಿ ಮೊದಲು ತರೋದು ಕಾರೇ ಅಂದ್ಕೊಂಡಿದ್ದೆ" ಎಂದೆ. ಇಷ್ಟು ವರ್ಷ ನೀನು ಆ ಭಾರವನ್ನು ಹೊತ್ತುಕೊಂಡಿದ್ದೆ ಎಂಬುದು ನನಗೆ ತಿಳಿದಿರಲಿಲ್ಲ. ಕಾರು ಮಾರಿದ್ದು ನಿನ್ನ ಫೀಸಿಗಲ್ಲ, ಮಗಳೇ. ಅದು ನಾನು ಹೇಳಿದ ಸುಳ್ಳು.

2003ರ ಜನವರಿಯಲ್ಲಿ ನಾನು ಆ ಬಿಳಿ ಮಾರುತಿ 800 ತಂದದ್ದು 82 ಸಾವಿರಕ್ಕೆ. 1994ರ ಗಾಡಿ. ತಂದ ಮರುವಾರ ಮೆಕ್ಯಾನಿಕ್ ಹಿಂದಿನ ಚಕ್ರಗಳನ್ನು ಬಿಚ್ಚಿ, ಬ್ರೇಕ್ ಡ್ರಮ್ಮಿನ ಒಳಗಿನ ಒದ್ದೆಯನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದ. ವೀಲ್ ಸಿಲಿಂಡರ್ ಸೋರುತ್ತಿದೆ, ಬ್ರೇಕ್ ಆಯಿಲ್ ಕಪ್ಪಾಗಿದೆ, ಎಲ್ಲ ಬದಲಿಸಲು 850 ರೂಪಾಯಿ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟ. ಮುಂದಿನ ತಿಂಗಳು ಮಾಡಿಸೋಣ ಎಂದು ಚೀಟಿಯನ್ನು ಜೇಬಿಗಿಟ್ಟುಕೊಂಡೆ. ಅದೇ ವಾರ 2,200 ರೂಪಾಯಿ ಕೊಟ್ಟು ಕಂದುಬಣ್ಣದ ಸೀಟ್ ಕವರ್ ಹಾಕಿಸಿದೆ. ಶಾಲೆಯ ಸಹೋದ್ಯೋಗಿಗಳು ಹತ್ತಿ ಕೂರುವವರಿದ್ದರು, ಹರಿದ ಸೀಟು ಅವರ ಕಣ್ಣಿಗೆ ಬೀಳುತ್ತಿತ್ತು. ಒದ್ದೆಯಾದ ಡ್ರಮ್ ಯಾರ ಕಣ್ಣಿಗೆ ಬೀಳುತ್ತಿತ್ತು? ಲೆಕ್ಕದ ಮೇಷ್ಟ್ರು ಹಾಕಿದ ಲೆಕ್ಕ ಇದು.

ಆಗಸ್ಟಿನಲ್ಲಿ ಉಜಿರೆಯ ನಿನ್ನ ಅಜ್ಜಿಮನೆಗೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು, ಘಾಟಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೆವು. ಅಲ್ಲಿಂದ ಮುಂದಕ್ಕೆ ನಾನು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸತೊಡಗಿದೆ, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯುತ್ತದೆಂದು ಆ ಕಾಲದಲ್ಲಿ ನಮ್ಮಂಥವರೆಲ್ಲ ನಂಬಿದ್ದೆವು. ಮಂಜು ಎಷ್ಟಿತ್ತೆಂದರೆ ಎದುರಿನ ಬಸ್ಸಿನ ದೀಪಗಳು ಹತ್ತಿರಕ್ಕೆ ಬಂದ ಮೇಲಷ್ಟೇ ಬಸ್ಸಾಗುತ್ತಿದ್ದವು. ಮೂರು ತಿರುವು ಇಳಿದಿದ್ದೆವೋ ಏನೋ, ನಾಲ್ಕನೆಯದರಲ್ಲಿ ಬ್ರೇಕ್ ತುಳಿದರೆ ಪೆಡಲ್ ಬೆಣ್ಣೆಯೊಳಕ್ಕೆ ಇಳಿದಂತೆ ನೆಲದವರೆಗೆ ಹೋಯಿತು. ಮತ್ತೆ ತುಳಿದೆ, ಮತ್ತೆ ಹೋಯಿತು. ನಿನ್ನ ಅಮ್ಮ ಹಿಂದಿನ ಸೀಟಿನಲ್ಲಿದ್ದಳು, ನೀನು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದೆ, ನಿನ್ನ ಕಾಲ ಬಳಿ ಆ ಹೊಸ ಸೀಟ್ ಕವರಿನ ಪ್ಲಾಸ್ಟಿಕ್ ಹಾಳೆಯನ್ನು ನಾನಿನ್ನೂ ತೆಗೆದಿರಲಿಲ್ಲ. ಎರಡನೇ ಗೇರಿಗೆ ಹೇಗೆ ತಳ್ಳಿದೆ, ಹ್ಯಾಂಡ್‌ಬ್ರೇಕ್ ಯಾವಾಗ ಎಳೆದೆ ಎಂಬುದು ನನಗೆ ಇಂದಿಗೂ ಸ್ಪಷ್ಟವಿಲ್ಲ. ಎಡಕ್ಕೆ ಗುಡ್ಡವಿತ್ತು ಎಂಬುದೊಂದೇ ಪುಣ್ಯ. ಚರಂಡಿಗೆ ಎರಡು ಚಕ್ರ ಇಳಿದು, ಬಾಗಿಲು ಮಣ್ಣಿನ ಗೋಡೆಗೆ ಉಜ್ಜಿಕೊಂಡು ಹೋಗಿ ಕಾರು ನಿಂತಿತು.

ಹಿಂದೆಯೇ ಬಂದ ಸರ್ಕಾರಿ ಬಸ್ಸಿನ ಚಾಲಕ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಬ್ರೇಕ್ ಕಾದು ಆಯಿಲ್ ಕುದಿದಿದೆ, ಅರ್ಧ ಗಂಟೆ ಬಿಟ್ಟರೆ ಪೆಡಲ್ ಮೇಲೆ ಬರುತ್ತದೆ ಎಂದ. ಆಮೇಲೆ, "ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು ಮೇಷ್ಟ್ರೇ" ಎಂದ. ನಾನು ಮೇಷ್ಟ್ರೆಂದು ಅವನಿಗೆ ಯಾರು ಹೇಳಿದರೋ ಕಾಣೆ, ನಿಂತಿದ್ದ ರೀತಿಯಲ್ಲೇ ಗೊತ್ತಾಗಿರಬೇಕು. ಅಮ್ಮ ನಿನ್ನನ್ನು ಎತ್ತಿಕೊಂಡು ಒಂದೂ ಮಾತಾಡದೆ ಆ ಬಸ್ಸು ಹತ್ತಿದಳು. ನಾನು ಕಾದು ನಿಂತು, ಕೊನೆಗೆ ಮೊದಲನೇ ಗೇರಿನಲ್ಲಿ ಒಬ್ಬನೇ ಚಾರ್ಮಾಡಿಯವರೆಗೆ ಇಳಿದೆ. ನೀನು ಎಚ್ಚರಾದದ್ದು ಬಸ್ಸಿನಲ್ಲಿ. ಕಾರು ಎಲ್ಲಿ ಎಂದು ಕೇಳಿದೆಯಂತೆ, "ಅಪ್ಪ ತೊಳೀತಾ ಇದ್ದಾರೆ" ಎಂದಳಂತೆ.

ಗಾಡಿಯದು ಏನೂ ತಪ್ಪಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಕಾಲಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಊರಿಗೆ ಬಂದು 850 ರೂಪಾಯಿಯ ಕೆಲಸ ಮಾಡಿಸಿದೆ, ಬಾಗಿಲಿಗೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದೆ, ಆದರೆ ಮತ್ತೆ ಅದರಲ್ಲಿ ನಿಮ್ಮಿಬ್ಬರನ್ನು ಕೂರಿಸುವ ಧೈರ್ಯ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಕೊಳ್ಳಲು ಬಂದವರು, "ಎಂಟೇ ತಿಂಗಳಿಗೆ ಯಾಕೆ ಮಾರ್ತಿದ್ದೀರಿ?" ಎಂದು ಕೇಳಿದರು. "ಮಗಳನ್ನು ಒಳ್ಳೆಯ ಶಾಲೆಗೆ ಹಾಕಬೇಕು, ಫೀಸು ಹೊಂದಿಸಬೇಕು" ಎಂದೆ. ಅವರ ಮುಖದಲ್ಲಿ ಗೌರವ ಕಂಡಿತು, ಚೌಕಾಸಿಯನ್ನೂ ಮಾಡಲಿಲ್ಲ. ಅದೇ ಮಾತನ್ನು ಮನೆಗೆ ಬಂದವರಿಗೂ ಹೇಳಿದೆ, ನೀನು ಕೇಳಿಸಿಕೊಂಡೆ. ನಿನ್ನ ಹೆಸರಿನಲ್ಲಿ ನನ್ನ ಮಾನ ಉಳಿಸಿಕೊಂಡೆ, ಕ್ಷಮಿಸು.

ಇಷ್ಟನ್ನು ಬರೆದದ್ದು ಕೆಂಪು ಕಾರಿನ ವಿಷಯ ಹೇಳುವುದಕ್ಕೇ. ನೀನು ಕಳುಹಿಸಿದ ಏಳು ಚಿತ್ರಗಳನ್ನು ಇಂದು ಸಂಜೆ ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ಒಂದೊಂದಾಗಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಹೊಚ್ಚಹೊಸ ಸೀಟ್ ಕವರ್. ನಾಲ್ಕನೇ ಚಿತ್ರದಲ್ಲಿ ಮುಂದಿನ ಟೈರಿನ ಪಕ್ಕೆಯ ಮೇಲೆ 3517 ಎಂದಿದೆ, ಅಂದರೆ ಅದು 2017ರ 35ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಮೇಲಿನ ಪಟ್ಟೆಗಳು ಸವೆಯದೆ ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರು ಮಳೆಯ ರಸ್ತೆಯನ್ನು ಹಿಡಿಯುವುದಿಲ್ಲ. ಆರನೇ ಚಿತ್ರದಲ್ಲಿ ಮೀಟರ್ 62 ಸಾವಿರ ಕಿಲೋಮೀಟರ್ ತೋರಿಸುತ್ತಿದೆ, ಅದರ ಕೆಳಗೆ ಕ್ಲಚ್ ಪೆಡಲಿನ ರಬ್ಬರು ಸವೆದು ಅಂಚಿನಲ್ಲಿ ಕಬ್ಬಿಣ ಹೊಳೆಯುತ್ತಿದೆ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಪೆಡಲನ್ನು ತಿರುಗಿಸಲು ಆಗುವುದಿಲ್ಲ. ಸರ್ವಿಸ್ ದಾಖಲೆ ಕೇಳು. ಇಲ್ಲವೆಂದರೆ, ನೋಂದಣಿ ಸಂಖ್ಯೆ ಹಿಡಿದುಕೊಂಡು ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಿ ವಿಚಾರಿಸು.

ಅದು ಬೆಂಗಳೂರಿನ ಗಾಡಿ ಎಂಬುದೂ ನನ್ನ ತಲೆಯಲ್ಲಿ ಕೊರೆಯುತ್ತಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟು ಕಾರುಗಳು ನೀರಿನಲ್ಲಿ ಮುಳುಗಿ ನಿಂತಿದ್ದವೆಂಬುದನ್ನು ನೀನೂ ಟಿವಿಯಲ್ಲಿ ನೋಡಿದ್ದೆ. ಅವು ಎಲ್ಲಿಗೋ ಹೋಗಿರಲೇಬೇಕಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ಸುರುಳಿಯ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಗಾಡಿ ಈಜಿದೆ ಎಂದರ್ಥ. ಸ್ಟೆಪ್ನಿಯನ್ನು ಎತ್ತಿ ಅದರಡಿಯ ಗುಂಡಿಯಲ್ಲಿ ತುಕ್ಕು, ಒಣಗಿದ ಮಣ್ಣು ಇದೆಯೇ ಎಂದು ಕೈಯಾಡಿಸು. ಬಾನೆಟ್ಟಿನ ಬೋಲ್ಟ್‌ಗಳ ಮೇಲೆ ಸ್ಪ್ಯಾನರಿನ ಗಾಯವಿದ್ದರೆ ಅದನ್ನು ಎಂದೋ ಬಿಚ್ಚಿದ್ದಾರೆ, ಯಾಕೆಂದು ಕೇಳಬೇಕು.

ಡೀಸೆಲ್‌ನಿಂದ ತಿಂಗಳಿಗೆ ಒಂದೂವರೆ ಸಾವಿರ ಉಳಿಯುತ್ತದೆ ಎಂಬ ನಿನ್ನ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಆದರೆ 2014ರ ಡೀಸೆಲ್ ಗಾಡಿಯ ಇಂಜೆಕ್ಟರೋ ಟರ್ಬೋ ಒಮ್ಮೆ ಕೈಕೊಟ್ಟರೆ ಆ ವರ್ಷದ ಉಳಿತಾಯವೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ, ನೀನಿರುವ ಸಿದ್ದಾಪುರದಲ್ಲಿ ಅದನ್ನು ಬಿಚ್ಚುವವರನ್ನು ಹುಡುಕುವುದು ಬೇರೆ ಕೆಲಸ. ಅದರ ಆರ್‌ಸಿಯ, ಅಂದರೆ ನೋಂದಣಿ ಪತ್ರದ, 15 ವರ್ಷ 2029ಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಕೊಳ್ಳುವವರೂ ಅಷ್ಟಕ್ಕೇ ಹಿಂಜರಿಯುತ್ತಾರೆ. ಚಿಕ್ಕ ಪೆಟ್ರೋಲ್ ಗಾಡಿ ನೋಡು: ಆಲ್ಟೊ, ವ್ಯಾಗನ್ ಆರ್, ಸಿಕ್ಕರೆ ಟಿಯಾಗೊ. ನಿನ್ನ ಗೆಳತಿಯರು ನಗಬಹುದು, ಆದರೆ ಅವುಗಳ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಯಾವ ಮೆಕ್ಯಾನಿಕ್ ಬೇಕಾದರೂ ಕೈಹಾಕುತ್ತಾನೆ. ಸಾಧ್ಯವಿದ್ದಷ್ಟೂ 2019ರ ಜುಲೈ ನಂತರ ತಯಾರಾದದ್ದೇ ಇರಲಿ. ಆ ವರ್ಷದ ಏಪ್ರಿಲ್‌ನಿಂದ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್, ಜುಲೈಯಿಂದ ಚಾಲಕರ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಟಿಯಾಗೊಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರನ್ನು ಡಿಕ್ಕಿ ಹೊಡೆಸಿ ಮಾಡುವ ಸುರಕ್ಷತಾ ಪರೀಕ್ಷೆಯಲ್ಲಿ ಐದಕ್ಕೆ 4 ಸ್ಟಾರ್ ಬಂದಿತ್ತು. ಅಮ್ಮನಿಗೆ ಇದನ್ನು ಹೇಳಿದಾಗ, ಸ್ಟಾರ್ ಎಣಿಸುವ ಮೊದಲು ಬ್ರೇಕ್ ನೋಡಲು ಹೇಳಿ ಎಂದಳು. ಅವಳಿಗೆ ಆ ಹಕ್ಕಿದೆ.

ನಿನ್ನ ಬಳಿ ಮೂರೂವರೆ ಲಕ್ಷವಿದ್ದರೆ ಕಾರಿಗೆ ಮೂರು ಲಕ್ಷ ಹತ್ತು ಸಾವಿರಕ್ಕಿಂತ ಹೆಚ್ಚು ಕೊಡಬೇಡ. ಉಳಿದ ನಲವತ್ತು ಸಾವಿರವನ್ನು ಮೊದಲ ತಿಂಗಳಲ್ಲೇ ಅದರ ಮೇಲೆ ಹಾಕಬೇಕಾಗುತ್ತದೆ: ನಾಲ್ಕು ಟೈರು, ಬ್ಯಾಟರಿ, ಬೆಲ್ಟು, ಎಂಜಿನ್ ಆಯಿಲ್, ಮತ್ತು ಎಲ್ಲಕ್ಕಿಂತ ಮೊದಲು ಬ್ರೇಕ್ ಪ್ಯಾಡ್, ಹಿಂದಿನ ಲೈನರ್, ಬ್ರೇಕ್ ಆಯಿಲ್. ನೋಡಲು ಹೋಗುವ ದಿನ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮಾರುವವರಿಗೆ ಮೊದಲೇ ಹೇಳು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡು, ಬೆಚ್ಚಗಿದ್ದರೆ ಅವರು ಏನನ್ನೋ ಮುಚ್ಚಿಡುತ್ತಿರಬಹುದು. ತಣ್ಣಗಿದ್ದ ಎಂಜಿನ್ ಎಬ್ಬಿಸಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಜ್ಜಿಗೆಯಂಥ ಬಿಳಿ ಲೇಪವಿದ್ದರೆ ಆಯಿಲ್‌ಗೆ ನೀರು ಬೆರೆತಿರಬಹುದು, ಅದನ್ನು ಬಿಟ್ಟು ಬಾ. ರಸ್ತೆಗಿಳಿಸುವ ಮೊದಲು, ಎಂಜಿನ್ ಚಾಲೂ ಇಟ್ಟು, ಬ್ರೇಕನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿ. ಪೆಡಲ್ ಕೂದಲೆಳೆಯಷ್ಟಾದರೂ ಕೆಳಗೆ ಜಾರುತ್ತಾ ಹೋದರೆ ಕೀಲಿ ಕೊಟ್ಟು ಎದ್ದುಬಿಡು. ಹೌದು, ಮತ್ತೆ ಬ್ರೇಕಿಗೇ ಬಂದೆ.

ಕಾಗದಪತ್ರದಲ್ಲಿ ನೀನು ನನಗಿಂತ ಜಾಣೆ. ಆದರೂ, ಆರ್‌ಸಿಯಲ್ಲಿ ಸಾಲದ ಹೈಪೋಥಿಕೇಶನ್, ಅಂದರೆ ಗಾಡಿ ಬ್ಯಾಂಕಿಗೆ ಅಡವಿದೆ ಎಂಬುದು, ನಮೂದಿದ್ದರೆ ಬ್ಯಾಂಕಿನ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದನ್ನು ತೆಗೆಸುವ ಫಾರಂ 35 ಇಲ್ಲದೆ ಹಣ ಕೊಡಬೇಡ. ಗಾಡಿಯನ್ನು ನಿನ್ನ ಹೆಸರಿಗೆ ವರ್ಗಾಯಿಸುವ ಫಾರಂ 29, 30 ಎರಡಕ್ಕೂ ಅದೇ ದಿನ ಸಹಿ ಆಗಲಿ. ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಬದಲಿಸಲು ಅರ್ಜಿ ಹಾಕು. ಅವರ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ವಿಮೆಯ ಕಂತಿನಲ್ಲಿ ಕೊಡುವ ರಿಯಾಯಿತಿ, ಎಷ್ಟಿದೆ ನೋಡು. ಐದು ವರ್ಷ ಕ್ಲೇಮ್ ಮಾಡದವರಿಗೆ ಅದು 50 ಶೇಕಡಾ ಇರುತ್ತದೆ, "ಒಂದು ಗೀರೂ ಬಿದ್ದಿಲ್ಲ" ಎನ್ನುವವರ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಆ ಸೊನ್ನೆಯ ಕಥೆ ಕೇಳು. ಚಾಸಿಸ್ ಸಂಖ್ಯೆಯ 17 ಅಕ್ಷರಗಳನ್ನು ಗಾಡಿಯ ಮೇಲೂ ಆರ್‌ಸಿಯಲ್ಲೂ ಬೆರಳಿಟ್ಟು ಹೋಲಿಸು.

ಕೊನೆಗೆ, ಯಾಕೆ ಮಾರುತ್ತಿದ್ದೀರಿ ಎಂದು ಕೇಳು. ಅವರ ಉತ್ತರ ಕೇಳಲು ಬಹಳ ಚೆನ್ನಾಗಿದ್ದರೆ ನನ್ನನ್ನು ನೆನಪಿಸಿಕೋ.

ಇದು ಪತ್ರ ಹೋಗಿ ಪಾಠವಾಯಿತೆಂದು ನನಗೇ ಕಾಣುತ್ತಿದೆ. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದ ಹಸುವಿನ ಮುಂದೆ ಕೊಟ್ಟಿಗೆಯಲ್ಲಿ ಮಂಡಿಯೂರಿ, ಮನೆಯವರೆಲ್ಲ ಅಳುತ್ತಿರುವಾಗ ತಣ್ಣಗೆ ಕೆಲಸ ಮಾಡುವವಳಿಗೆ ನಾನು ಬಾನೆಟ್ ಮುಟ್ಟುವುದನ್ನು ಹೇಳಿಕೊಡುತ್ತಿದ್ದೇನೆ. ಎರಡು ಮಳೆಗಾಲ ಸ್ಕೂಟರಿನ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಓಡಾಡಿ, ಯಾರ ಬಳಿಯೂ ಒಂದು ರೂಪಾಯಿ ಕೇಳದೆ ಹಣ ಕೂಡಿಸಿದ್ದೀಯ. ನಿನ್ನೆ ಮೊದಲು ಹೇಳಬೇಕಿದ್ದದ್ದು ಅದನ್ನೇ, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಟೋಕನ್ ಕೊಟ್ಟ ಐದು ಸಾವಿರ ವಾಪಸ್ಸು ಬರದಿದ್ದರೆ ಹೋಗಲಿ ಬಿಡು, ಅದನ್ನು ನಾನು ತುಂಬಿಕೊಡುತ್ತೇನೆ ಎಂದರೆ ನೀನು ಮತ್ತೆ ಸಿಟ್ಟಾಗುತ್ತೀಯ, ಆದ್ದರಿಂದ ಹೇಳುವುದಿಲ್ಲ. ನೋಡಲು ಹೋಗುವಾಗ ಅಲ್ಲಿನ ಒಬ್ಬ ಮೆಕ್ಯಾನಿಕ್‌ನನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗು. ನನ್ನನ್ನೂ ಕರೆದರೆ ಭಾನುವಾರದ ಮೊದಲ ಬಸ್ಸಿಗೆ ಹೊರಡುತ್ತೇನೆ, ಮಾತಾಡದೆ ಹಿಂದಿನ ಸೀಟಿನಲ್ಲಿ ಕೂರುತ್ತೇನೆ.

ಲಕೋಟೆಯಲ್ಲಿ ಒಂದು ಹಳೆಯ ಚೀಟಿ ಇದೆ, ಮಡಿಕೆಯಲ್ಲಿ ಹರಿಯುವಂತಿದೆ, ನಿಧಾನವಾಗಿ ಬಿಡಿಸು. ಪೆನ್ಸಿಲಿನಲ್ಲಿ "ಬ್ರೇಕ್ ಆಯಿಲ್, ಹಿಂದಿನ ಎರಡು ಸಿಲಿಂಡರ್ ಕಿಟ್, ಕೂಲಿ, ಒಟ್ಟು 850" ಎಂದಿದೆ. ನೋಡಿ ಹಿಂದಿರುಗಿಸು. ಅದು ಇನ್ನೂ ನನ್ನ ಬಳಿ ಇದೆಯೆಂದು ಅಮ್ಮನಿಗೆ ಗೊತ್ತಿಲ್ಲ.

ನಿನ್ನ
ಅಪ್ಪ