ನೋಡಿ ಹೋಗುವುದಕ್ಕೂ ದುಡ್ಡಾ?

ಸ್ನೇಹಿತರೇ, ಬರೀ ನೋಡಿ ಖರ್ಚು ಎಷ್ಟು ಅಂತ ಹೇಳುವುದಕ್ಕೂ ರಿಪೇರಿಯವರು ದುಡ್ಡು ಕೇಳುತ್ತಾರೆ ಎಂದು ಹಲವರು ಬೇಸರ ಮಾಡಿಕೊಂಡಿದ್ದೀರಿ.

ಗೋಡೆ ಅಳೆದು ಬಣ್ಣದ ಲೆಕ್ಕ ಹೇಳುವುದಕ್ಕೆ ದುಡ್ಡು ಬೇಡ, ಒಪ್ಪುತ್ತೇನೆ. ಆದರೆ ಎಲ್ಲೋ ನೀರು ಸೋರುತ್ತಿದೆ, ಎಲ್ಲಿ ಅಂತ ಗೊತ್ತಿಲ್ಲ ಅಂದಾಗ ಮಾತೇ ಬೇರೆ. ನಮ್ಮ ಮನೆಗೆ ಬಂದ ಪ್ಲಂಬರ್ ಎಲ್ಲ ನಲ್ಲಿ ನಿಲ್ಲಿಸಿ, ಮೀಟರ್ ಮುಂದೆ ಕೂತು ಮುಳ್ಳನ್ನೇ ನೋಡಿದರು. ಮೆಲ್ಲಗೆ ತಿರುಗುತ್ತಲೇ ಇತ್ತು. ಆಮೇಲೆ ಒಂದೊಂದೇ ವಾಲ್ವ್ ಮುಚ್ಚುತ್ತಾ, ಬಚ್ಚಲ ಗೋಡೆಯೊಳಗಿನ ಪೈಪೇ ಸೋರುತ್ತಿದೆ ಎಂದು ಪತ್ತೆ ಹಚ್ಚಿದರು. ಒಂದೂವರೆ ಗಂಟೆ ಹಿಡಿಯಿತು. ಅದು ಅಂದಾಜಲ್ಲ, ಕೆಲಸವೇ ಅಲ್ವಾ? ಪುಕ್ಕಟೆ ನೋಡುತ್ತೇವೆ ಅನ್ನುವವರ ಪೆಟ್ರೋಲು, ಹೊತ್ತು ಎಲ್ಲ ಕೊನೆಗೆ ಕೆಲಸ ಕೊಟ್ಟವರ ಬಿಲ್ಲಿಗೇ ಸೇರುತ್ತದೆ.

ಮೊದಲೇ ಹೇಳದೆ ಬಂದು ಆಮೇಲೆ ಕೇಳುವುದು ಮಾತ್ರ ತಪ್ಪು. ಹಾಗಾಗಿ ಫೋನಿನಲ್ಲೇ ಕೇಳಿ: ನೋಡುವುದಕ್ಕೆ ಎಷ್ಟು, ಕೆಲಸ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೀರಾ ಅಂತ. ಸಾಮಾನು, ಕೂಲಿ ಬೇರೆ ಬೇರೆ ಬರೆಸಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಆ ಚೀಟಿ ನಿಮ್ಮದು, ಅದನ್ನು ಹಿಡಿದು ಇನ್ನೊಬ್ಬರನ್ನೂ ವಿಚಾರಿಸಬಹುದು. ಕೆಲಸ ಮಾಡಿಸುವ ಮನಸ್ಸಿಲ್ಲದಿದ್ದರೆ ನಾಲ್ಕು ಜನರನ್ನು ಸುಮ್ನೆ ಓಡಾಡಿಸಬೇಡಿ, ದಯವಿಟ್ಟು.