ಹೊತ್ತರೆ ಚಪ್ಪಾಳೆ, ಇಳಿಸಿದರೆ ಮುನಿಸು

ಮಾನ್ಯ ಸಂಪಾದಕರೇ,

ಮಕ್ಕಳ ಆ್ಯನಿಮೇಷನ್ ಚಿತ್ರಗಳ ಗಟ್ಟಿಗಿತ್ತಿ ಹುಡುಗಿಯರನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ರಾಜಕುಮಾರ ಬಂದು ಎಬ್ಬಿಸುವವರೆಗೆ ಮಲಗಿರುತ್ತಿದ್ದ ನಾಯಕಿಯರ ಕಾಲ ಹೋಯಿತು ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ‘ಎನ್‌ಕಾಂಟೊ’ ಚಿತ್ರದ ಲೂಯಿಸಾಳನ್ನು ಲೇಖಕರು ‘ಮನೆಯ ಭಾರ ಹೊತ್ತ ಹಿರಿಯಕ್ಕ’ ಎಂದು ಕರೆದಿದ್ದಾರೆ. ಆ ಮನೆಯ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು ಇಸಾಬೆಲಾ, ಲೂಯಿಸಾ ನಡುವಿನವಳು, ಮಿರಾಬೆಲ್ ಕಿರಿಯಳು. ಹುಳುಕು ಹುಡುಕಲೆಂದು ಇದನ್ನು ಬರೆಯುತ್ತಿಲ್ಲ. ಚಿತ್ರ ನೋಡಿದವರಲ್ಲಿ ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಯಾರು ಹೊರುತ್ತಿದ್ದಾಳೋ ಅವಳೇ ದೊಡ್ಡವಳಿರಬೇಕು ಎಂದು ಕೇಳುವ ಮೊದಲೇ ತೀರ್ಮಾನಿಸಿಬಿಡುತ್ತೇವೆ.

ನಾಲ್ವರು ಮಕ್ಕಳಲ್ಲಿ ನಾನು ಮೊದಲನೆಯವಳು. ಅಮ್ಮ ಬಹುಕಾಲ ಹಾಸಿಗೆ ಹಿಡಿದಿದ್ದಾಗ ತಮ್ಮನ ಅಂಕಪಟ್ಟಿಗೆ ಸಹಿ ಹಾಕುತ್ತಿದ್ದವಳು ನಾನು, ತಂಗಿಯರ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳೂ ನಾನೇ. ‘ನಿನಗೇನಮ್ಮ, ನೀನು ಗಟ್ಟಿ’ ಎಂದು ನೋಡಲು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಹೊಗಳಿಕೆಯೇನೋ ಹೌದು. ಹಾಗೆಂದವರಲ್ಲಿ ಒಬ್ಬರಾದರೂ ಒಂದು ದಿನದ ಮಟ್ಟಿಗೆ ಬಾಚಣಿಗೆ ಕೈಗೆ ತೆಗೆದುಕೊಂಡದ್ದು ನನಗೆ ನೆನಪಿಲ್ಲ. ಈಗ ತಂಗಿಯ ಇಬ್ಬರು ಹುಡುಗಿಯರ ನಡುವೆ ಕುಳಿತು ಈ ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ಸಾಹಸಕ್ಕಿಂತ ಮನೆಗೆಲಸದ ಕಡೆಗೇ ಹೋಗುತ್ತದೆ.

‘ಎನ್‌ಕಾಂಟೊ’ ಬಂದದ್ದು 2021ರಲ್ಲಿ. ಕೊಲಂಬಿಯಾದ ಬೆಟ್ಟಗಳ ನಡುವಿನ ಒಂದು ಊರು, ಒಂದು ಮಾಯದ ಮನೆ, ಮನೆಯವರಿಗೆಲ್ಲ ಒಂದೊಂದು ವರ. ಲೂಯಿಸಾಳದು ತೋಳ್ಬಲ. ತಪ್ಪಿಸಿಕೊಂಡ ಕತ್ತೆಗಳನ್ನು ಹೆಗಲ ಮೇಲೆ ಹೇರಿಕೊಂಡು ತರುತ್ತಾಳೆ, ಊರವರು ಹೇಳಿದರೆ ಚರ್ಚನ್ನೇ ಎತ್ತಿ ಆಚೆ ಇಡುತ್ತಾಳೆ. ತನ್ನೊಳಗಿನ ಒತ್ತಡವನ್ನು ಅವಳು ಹಾಡಿ ಹೇಳಿಕೊಳ್ಳುವ ಹಾಡು ಮನೆಮಾತಾಯಿತು, ಅದು ನನ್ನದೇ ಕಥೆ ಎಂದು ಎಷ್ಟೋ ಅಕ್ಕಂದಿರು ಹೇಳಿಕೊಂಡರು. ನಿಮ್ಮ ಲೇಖಕರೂ ಆ ಹಾಡಿನ ಬಳಿಯೇ ನಿಂತಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಆಮೇಲಿನ ಒಂದು ಚಿಕ್ಕ ಗಳಿಗೆ. ಇಸಾಬೆಲಾಳ ಮದುವೆ ಮಾತುಕತೆಗೆಂದು ಅತಿಥಿಗಳು ಊಟಕ್ಕೆ ಬಂದಿದ್ದಾರೆ. ಲೂಯಿಸಾಳ ಶಕ್ತಿ ಆಗಲೇ ಕುಂದುತ್ತಿದೆ. ಸಭೆ ಕೆಡುತ್ತಿರುವುದನ್ನು ಕಂಡ ಅಜ್ಜಿ ಪಿಯಾನೋ ತರಲು ಅವಳಿಗೆ ಹೇಳುತ್ತಾಳೆ. ಅವಳು ಅಳುತ್ತಲೇ ಹೋಗಿ, ಏದುಸಿರು ಬಿಡುತ್ತ ಅದನ್ನು ಎಳೆದು ತರುತ್ತಾಳೆ. ಕಣ್ಣೀರು ಎಲ್ಲರಿಗೂ ಕಾಣುವಂತೆಯೇ ಸುರಿಯುತ್ತಿದೆ, ಆದರೂ ಅವಳ ಕೈಯಿಂದ ಪಿಯಾನೋವನ್ನು ಬಿಡಿಸುವ ಯೋಚನೆ ಯಾರಿಗೂ ಬರುವುದಿಲ್ಲ. ‘ದೊಡ್ಡಮ್ಮ, ಇನ್ನೊಬ್ಬರು ಒಂದು ಕೈ ಹಿಡಿಯಬಹುದಿತ್ತಲ್ಲ?’ ಎಂದು ಕೇಳಿದಳು ದೊಡ್ಡ ಹುಡುಗಿ. ಚಿಕ್ಕವಳು ನಗುತ್ತಿದ್ದಳು. ಆ ದೃಶ್ಯವನ್ನು ನಗಿಸಲೆಂದೇ ಮಾಡಿದ್ದಾರೆ ಎನ್ನಿ.

ನಿಜವಾದ ಹಿರಿಯಳ ಹೊರೆ ಕಾಣುವಂಥದ್ದಲ್ಲ. ಇಸಾಬೆಲಾ ಸದಾ ಹೂವರಳಿಸಿಕೊಂಡು ಚೆಂದವಾಗಿರಬೇಕು, ಮನಸ್ಸಿಲ್ಲದ ಮದುವೆಗೆ ಮನೆಯವರಿಗಾಗಿ ಒಪ್ಪಬೇಕು. ಅವಳಿಗೆ ಸಿಟ್ಟು ಬಂದಾಗ ಹೂವಿನ ಬದಲು ಮುಳ್ಳಿನ ಕಳ್ಳಿ ಹುಟ್ಟುತ್ತದೆ, ಅದನ್ನು ಕಂಡು ಅವಳಿಗೇ ಹಿಗ್ಗು. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ಗಿಡ ಅದು.

ಈಗ ಹಳೆಯದೊಂದು ಜಪಾನಿ ಚಿತ್ರಕ್ಕೆ ಬರುತ್ತೇನೆ, ನಿಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ. ಹಯಾವೊ ಮಿಯಾಜಾಕಿ ಅವರ ‘ಮೈ ನೇಬರ್ ಟೊಟೊರೊ’, 1988ರದು. ಅದರ ಸತ್ಸುಕಿ ಇನ್ನೂ ಪ್ರಾಥಮಿಕ ಶಾಲೆಯ ಹುಡುಗಿ. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಬೆಳಿಗ್ಗೆದ್ದು ತಂದೆಗೂ ನಾಲ್ಕು ವರ್ಷದ ತಂಗಿ ಮೇಗೂ ತನಗೂ ಊಟದ ಡಬ್ಬಿ ಕಟ್ಟುವವಳು ಇವಳೇ. ಇವಳು ಯಾರನ್ನೂ ಹೊಡೆದುರುಳಿಸುವುದಿಲ್ಲ, ರಾಜ್ಯ ಉಳಿಸುವುದಿಲ್ಲ. ಹಾಗಾಗಿ ಗಟ್ಟಿಗಿತ್ತಿಯರ ಸಾಲಿನಲ್ಲಿ ಇವಳನ್ನು ಯಾರೂ ಎಣಿಸುವುದಿಲ್ಲವೇನೋ. ಆಸ್ಪತ್ರೆಯಿಂದ ತಂತಿ ಬಂದಾಗ ಅಮ್ಮ ಸತ್ತುಹೋದರೆ ಏನು ಗತಿ ಎಂದು ನೆರೆಮನೆಯ ಅಜ್ಜಿಯ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಲ್ಲಿಯವರೆಗೆ ಅವಳು ಹತ್ತು ವರ್ಷದ ಆಸುಪಾಸಿನ ಮಗು ಎಂಬುದು ನೋಡುವ ನಮಗೂ ಮರೆತಿರುತ್ತದೆ. ಚಿತ್ರದ ಕೊನೆಯಲ್ಲಿ ತಾಯಿ ಗಂಡನ ಬಳಿ, ಸತ್ಸುಕಿ ಹೇಳಿದ ಮಾತು ಕೇಳುವ ಹುಡುಗಿ, ಅದಕ್ಕೇ ಅವಳ ಬಗ್ಗೆ ಇನ್ನಷ್ಟು ಮರುಕವಾಗುತ್ತದೆ ಎನ್ನುತ್ತಾಳೆ. ಜಾಣೆ, ಗಟ್ಟಿ ಎಂಬ ಹೊಗಳಿಕೆಯಿಲ್ಲ. ಮನೆಗೆ ಮರಳಿದ ಮೇಲೆ ಮಕ್ಕಳನ್ನು ಚೆನ್ನಾಗಿ ಮುದ್ದು ಮಾಡಬೇಕೆಂಬ ಆಸೆಯಿದೆ. ಈ ಮಾತನ್ನು ಒಬ್ಬ ತಾಯಿಯ ಬಾಯಲ್ಲಿ ಕೇಳಲು ನಾನು ಬಹಳ ವರ್ಷ ಕಾದಿದ್ದೆ, ಕೇಳಿಸಿದ್ದು ಒಂದು ಕಾರ್ಟೂನಿನಲ್ಲಿ.

‘ಲಿಲೊ ಆ್ಯಂಡ್ ಸ್ಟಿಚ್’ 2002ರ ಚಿತ್ರ. ಹವಾಯಿಯಲ್ಲಿ ತಂದೆತಾಯಿ ಅಪಘಾತದಲ್ಲಿ ತೀರಿಕೊಂಡ ಮೇಲೆ 19ರ ಆಸುಪಾಸಿನ ನಾನಿ ಪುಟ್ಟ ತಂಗಿ ಲಿಲೊಳನ್ನು ಸಾಕುತ್ತಿದ್ದಾಳೆ. ಕೆಲಸ ಹೋಗುತ್ತದೆ, ಹೊಸ ಕೆಲಸ ಸಿಗುತ್ತಿಲ್ಲ, ಮಗುವನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಬಹುದಾದ ಅಧಿಕಾರಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅಕ್ಕತಂಗಿಯರು ಜೋರಾಗಿ ಜಗಳವಾಡುತ್ತಾರೆ, ಲಿಲೊ ಮಹಡಿಯ ತನ್ನ ಕೋಣೆಯಲ್ಲಿ ದಿಂಬಿಗೆ ಮುಖ ಒತ್ತಿ ಕಿರುಚುತ್ತಾಳೆ. ಕೆಳಗೆ ನಾನಿಯೂ ಇನ್ನೊಂದು ದಿಂಬಿಗೆ ಮುಖ ಒತ್ತಿ ಕಿರುಚುತ್ತಾಳೆ. ಆಮೇಲೆ ರಾಜಿಯಾದಾಗ, ನೀನು ಅಮ್ಮನಾಗಿರುವುದಕ್ಕಿಂತ ಅಕ್ಕನಾಗಿದ್ದರೇ ನನಗಿಷ್ಟ ಎನ್ನುತ್ತಾಳೆ ಲಿಲೊ. ಮಗುವಿಗೆ ಅರ್ಥವಾಗಿದೆ.

2025ರಲ್ಲಿ ಇದೇ ಕಥೆಯನ್ನು ನಿಜ ನಟರೊಡನೆ ಮತ್ತೆ ಮಾಡಿದರು. ಈ ಸಲ ಕೊನೆಯಲ್ಲಿ ಲಿಲೊಳನ್ನು ನೆರೆಮನೆಯ ಅಜ್ಜಿಯ ಆಸರೆಯಲ್ಲಿ ಬಿಟ್ಟು ನಾನಿ ಸಮುದ್ರಜೀವಶಾಸ್ತ್ರ ಓದಲು ಸ್ಯಾನ್ ಡಿಯೇಗೊಗೆ ಹೋಗುತ್ತಾಳೆ. ಅಷ್ಟಕ್ಕೇ ಎದ್ದ ಗಲಾಟೆ ನೋಡಬೇಕಿತ್ತು! ತಂಗಿಯನ್ನು ಬಿಟ್ಟುಹೋದಳು, ಮನೆಯವರನ್ನು ಕೈಬಿಡಬಾರದೆಂಬ ಕಥೆಯ ಜೀವವನ್ನೇ ಕೊಂದಳು ಎಂದು. ಹವಾಯಿಯ ಮೂಲನಿವಾಸಿಗಳ ಆಕ್ಷೇಪ ಬೇರೆ ತರಹದ್ದು: ತಮ್ಮ ಮಕ್ಕಳು ಸರ್ಕಾರದ ಕೈ ಸೇರಿದ ಹಳೆಯ ನೋವು ಅದರ ಹಿಂದಿದೆ, ಅದಕ್ಕೆ ತೂಕವಿದೆ. ಉಳಿದವರ ಸಿಟ್ಟು ನನಗೆ ಅರ್ಥವಾಗಲಿಲ್ಲ. ನೋಡಿ, ‘ಫ್ರೋಜನ್’ನ ಎಲ್ಸಾ ಕೂಡ ಅಕ್ಕನೇ. 2013ರ ಮೊದಲ ಚಿತ್ರದಲ್ಲಿ, ಮುಟ್ಟಿದ್ದೆಲ್ಲ ಹೆಪ್ಪುಗಟ್ಟಿಸುವ ತನ್ನ ಮಂತ್ರಶಕ್ತಿಗೆ ಹೆದರಿ ಕೈಗವಸು ತೊಟ್ಟು, ಬಾಗಿಲು ಹಾಕಿಕೊಂಡು, ತಂಗಿಗೆ ತನ್ನಿಂದ ಕೇಡಾಗದಿರಲೆಂದು ಬಾಲ್ಯವನ್ನೇ ಕೋಣೆಯೊಳಗೆ ಕಳೆದವಳು. 2019ರ ಎರಡನೇ ಚಿತ್ರದ ಕೊನೆಯಲ್ಲಿ ಸಿಂಹಾಸನವನ್ನು ತಂಗಿ ಆನಾಳಿಗೆ ಒಪ್ಪಿಸಿ ಕಾಡಿಗೆ ಹೋಗಿ ನೆಲೆಸುತ್ತಾಳೆ. ಅವಳನ್ನು ಕರ್ತವ್ಯಭ್ರಷ್ಟೆ ಎಂದು ಯಾರೂ ಈ ಪರಿ ಬೈದಂತಿಲ್ಲ. ಮಂತ್ರಶಕ್ತಿಯಿದ್ದ ಅಕ್ಕ ಹೊರೆ ಇಳಿಸಬಹುದು, ಕೆಲಸ ಹುಡುಕಿ ಅಲೆಯುವ ಅಕ್ಕ ಇಳಿಸಕೂಡದು. ಇದು ಯಾವ ನ್ಯಾಯ?

ಅಣ್ಣಂದಿರ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. 2020ರ ‘ಆನ್‌ವರ್ಡ್’ನಲ್ಲಿ ಬಾರ್ಲಿ ಎಂಬ ಅಣ್ಣನಿದ್ದಾನೆ, ಅವನಿಗೂ 19. ಲಟಾರಿ ವ್ಯಾನ್ ಓಡಿಸಿಕೊಂಡು, ಮಂತ್ರತಂತ್ರದ ಆಟ ಆಡಿಕೊಂಡು ಹಾಯಾಗಿದ್ದಾನೆ. ತೀರಿಹೋದ ತಂದೆಯ ಸ್ಥಾನ ತುಂಬಿದವನು ಈ ಅಣ್ಣನೇ ಎಂದು ತಮ್ಮನಿಗೆ ಹೊಳೆಯುವುದು ಚಿತ್ರದ ಕಣ್ಣೀರಿನ ಘಳಿಗೆ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಬಾರ್ಲಿಗೆ ತಾಯಿಯಿದ್ದಳು ಎಂಬುದೂ ನಿಜ. ಆದರೂ ಅಣ್ಣ ಆಡುತ್ತ ಬೆಳೆಸಿದರೆ ಅದು ಪ್ರೀತಿ, ಅಕ್ಕ ಬೇಯುತ್ತ ಬೆಳೆಸಿದರೆ ಅದು ಅವಳ ಪಾಲಿನ ಕೆಲಸ ಎಂಬಂತೆ ಈ ಕಥೆಗಳು ಸಾಗುತ್ತವೆ.

‘ಎನ್‌ಕಾಂಟೊ’ದ ಪರವಾಗಿ ಒಂದು ಮಾತು ಹೇಳಲೇಬೇಕು. ಮಾಯದ ಮನೆ ಕುಸಿದು ಎಲ್ಲರ ವರಗಳೂ ಹೋದಾಗ, ಇಷ್ಟು ದಿನ ಕತ್ತೆ ತಂದುಕೊಡು ಎನ್ನುತ್ತಿದ್ದ ಊರಿನ ಜನ ಉಪಕರಣ ಹಿಡಿದು ಬರುತ್ತಾರೆ, ಎಲ್ಲರೂ ಸೇರಿ ಗೋಡೆ ಎಬ್ಬಿಸುತ್ತಾರೆ. ತಂಗಿಯೊಬ್ಬಳು ಅಪ್ಪಿಕೊಂಡು ‘ಪಾಪ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅದಕ್ಕೆ ಮನೆ ಬೀಳುವವರೆಗೆ ಕಾಯಬೇಕಾಯಿತು.

ಪುರವಣಿಯಲ್ಲಿ ಮುಂದೆ ಇಂಥ ಚಿತ್ರಗಳ ಬಗ್ಗೆ ಬರೆಸುವಾಗ ನಾಯಕಿ ಎಷ್ಟು ಎತ್ತಿದಳು ಎಂಬುದರ ಜೊತೆಗೆ, ಚಿತ್ರ ಮುಗಿಯುವ ಹೊತ್ತಿಗೆ ಅದು ಯಾರ ಹೆಗಲ ಮೇಲಿತ್ತು ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಿಸಿ. ಸತ್ಸುಕಿಯ ವಿಷಯದಲ್ಲಿ ಓದುಗರೆಲ್ಲ ಒಪ್ಪಿಯಾರು. ನಾನಿಯ ವಿಷಯದಲ್ಲಿ ನಿಮ್ಮ ಪತ್ರಗಳ ಅಂಕಣದಲ್ಲಿ ವಾರಗಟ್ಟಲೆ ಜಗಳವೇ ನಡೆಯಬಹುದು. ನಡೆಯಲಿ.

ಇಂತಿ,
ನಿಮ್ಮ ಓದುಗಳು