ಟ್ಯಾಪೆಟ್ ಸದ್ದು ಅಡಗಿಸುವುದು ಸೆಟ್ಟಿಂಗ್ ಅಲ್ಲ

ಮಾನ್ಯರೇ,

ಕಾಫಿ ಕೊಯ್ಲಿನ ತಿಂಗಳುಗಳ ಚಳಿಯಲ್ಲಿ ಕೊಡಗಿನ ಗ್ಯಾರೇಜುಗಳಿಗೆ ಬರುವ ಬೈಕಿನ ದೂರುಗಳು ಎರಡು: ಬೆಳಗ್ಗೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ, ಸಂಪಾಜೆ ಘಾಟಿಯಲ್ಲಿ ಎಳೆಯುವುದಿಲ್ಲ. ಕಾರ್ಬುರೇಟರ್ ಬಿಚ್ಚುತ್ತಾರೆ, ಪ್ಲಗ್ ಬದಲಿಸುತ್ತಾರೆ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ಸ್ಕ್ರೂಗೂ ನಡುವಿನ ಸಂದು, ಅಳೆದು ನೋಡುವವರು ಕಡಿಮೆ. ಅಳೆಯದೆ, ಟಕಟಕ ಸದ್ದು ನಿಲ್ಲಲೆಂದು ಬಿಗಿ ಮಾಡಿ ಕಳುಹಿಸುವುದಂತೂ ಎಂಜಿನ್ನಿಗೆ ಮಾಡುವ ದೊಡ್ಡ ಕೇಡು.

ಎಂಜಿನ್ನಿಗೆ ಗಾಳಿ-ಪೆಟ್ರೋಲು ಒಳಬಿಡುವ (ಇನ್ಲೆಟ್), ಹೊಗೆ ಹೊರಬಿಡುವ (ಎಕ್ಸಾಸ್ಟ್) ಬಾಗಿಲೇ ವಾಲ್ವ್. ಬಿಸಿಯಾದಾಗ ಅದು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಬಿಟ್ಟ ಜಾಗವೇ ಗ್ಯಾಪ್. ಅದಿಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿ) ಸೋರಿ ಸ್ಟಾರ್ಟೂ ಎಳೆತವೂ ಕೆಡುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖದ ಬಹುಪಾಲನ್ನು ಸೀಟಿನ ಮೂಲಕವೇ ಬಿಟ್ಟುಕೊಡಬೇಕು. ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ. ಹಿಂದೆ ಮೂಟೆ ಹೇರಿ ಎರಡನೇ ಗೇರಿನಲ್ಲಿ ಏರು ಹತ್ತುವ ನಮ್ಮ ಬೈಕುಗಳಿಗೆ ಗಾಳಿ ಕಡಿಮೆ, ಕಾವು ಹೆಚ್ಚು. ಸಡಿಲ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದದ್ದು ಸುಮ್ಮನಿದ್ದು ಹೆಡ್ (ಸಿಲಿಂಡರಿನ ತಲೆಭಾಗ) ಬಿಚ್ಚುವ ಕೆಲಸಕ್ಕೆ ತರುತ್ತದೆ.

ಸ್ಪ್ಲೆಂಡರ್ ತರಹದ 100 ಸಿಸಿ ಬೈಕಿನಲ್ಲಿ ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಪೇಟೆಗೆ ಹೋಗಿ ಬಂದು ಅರ್ಧ ಗಂಟೆ ಬಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಹೆಡ್ಡಿನ ಸುತ್ತ ಅಂಟಿದ ಕೆಸರನ್ನು ಮೊದಲು ಒರೆಸಿ, ಪ್ಲಗ್ ಬಿಚ್ಚಿ. 17ರ ಸ್ಪ್ಯಾನರಿನಲ್ಲಿ ಎರಡೂ ಟ್ಯಾಪೆಟ್ ಕ್ಯಾಪ್ ತೆಗೆಯಿರಿ. ಕೆಳಗಿನದರಿಂದ ಸ್ವಲ್ಪ ಆಯಿಲ್ ಸುರಿಯುತ್ತದೆ, ಬಟ್ಟೆ ಹಿಡಿದಿರಿ. ಎಡಬದಿಯ ಮ್ಯಾಗ್ನೆಟ್ ಕವರಿನ ಎರಡು ಮುಚ್ಚಳ ತೆಗೆದು, ಒಳಗಿನ ನಟ್ಟಿಗೆ 14ರ ಸಾಕೆಟ್ ಹಾಕಿ ಅಪ್ರದಕ್ಷಿಣವಾಗಿ ತಿರುಗಿಸಿ, ಪಿಸ್ಟನ್ ತುತ್ತತುದಿಗೆ ಬಂದದ್ದನ್ನು ತೋರುವ 'ಟಿ' ಗುರುತನ್ನು ಕವರಿನ ಗೀರಿಗೆ ಸರಿಯಾಗಿ ನಿಲ್ಲಿಸಿ. ಪಕ್ಕದಲ್ಲೇ ಇರುವ 'ಎಫ್' ಇಗ್ನಿಷನ್ನಿನ ಗುರುತು. ಅವಸರದಲ್ಲಿ ಅದಕ್ಕೇ ನಿಲ್ಲಿಸುವವರಿದ್ದಾರೆ. ಈಗ ಎರಡೂ ರಾಕರ್ (ವಾಲ್ವ್ ಒತ್ತುವ ಸನ್ನೆ) ಬೆರಳಿನಿಂದ ಆಡಿಸಿದರೆ ಕೊಂಚ ಅಲುಗಬೇಕು. ಅಲುಗದಿದ್ದರೆ ಅದು ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹಂತವಲ್ಲ, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಗ್ಯಾಪ್ ಎಷ್ಟೆಂಬುದನ್ನು ನಿಮ್ಮ ಬೈಕಿನ ಪುಸ್ತಕದಿಂದಲೇ ತೆಗೆದುಕೊಳ್ಳಿ, ಪಕ್ಕದ ಮನೆಯ ಬೈಕಿನಿಂದಲ್ಲ. ಸಣ್ಣ ಎಂಜಿನ್ನುಗಳಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಕಣ್ಣಂದಾಜು ನಡೆಯದು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ತೆಗೆದುಕೊಂಡು, ಆ ಅಳತೆಯ ಎಲೆಯನ್ನು ವಾಲ್ವ್ ತುದಿಗೂ ರಾಕರಿನ ಸ್ಕ್ರೂಗೂ ನಡುವೆ ತೂರಿಸಿ ಎಳೆದರೆ, ಹಿಡಿದು ಬಿಟ್ಟಂತೆ ಜಾರಿ ಬರಬೇಕು. ಬರದಿದ್ದರೆ 9ರ ಲಾಕ್ ನಟ್ ಸಡಿಲಿಸಿ ಸ್ಕ್ರೂ ಹೊಂದಿಸಿ. ಹೆಚ್ಚಿನವರು ಕೈಸೋಲುವುದು ಮುಂದಿನ ಹಂತದಲ್ಲಿ: ನಟ್ ಬಿಗಿಮಾಡುವಾಗ ಸ್ಕ್ರೂ ತಾನೂ ತಿರುಗಿಬಿಡುತ್ತದೆ. ಅದನ್ನು ಟ್ಯಾಪೆಟ್ ಕೀಲಿಯಿಂದ ಅಲುಗದಂತೆ ಹಿಡಿದೇ ನಟ್ ಬಿಗಿಯಬೇಕು, ಬಿಗಿದ ಮೇಲೆ ಮತ್ತೆ ಅಳೆಯಬೇಕು. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, 'ಟಿ'ಗೆ ತಂದು, ಇನ್ನೊಮ್ಮೆ. ಕ್ಯಾಪಿನ ಓ-ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಇಲ್ಲವಾದರೆ ಆಯಿಲ್ ಒಸರುತ್ತದೆ.

ಎಲ್ಲ ಬೈಕಿಗೂ ಇದೇ ಕ್ರಮವಲ್ಲ. ಹಳೆಯ ಕ್ಯಾಸ್ಟ್ ಐರನ್ ಬುಲೆಟ್ಟಿಗೆ ಗೇಜ್ ಬೇಡ. ಪುಶ್ ರಾಡ್ (ರಾಕರನ್ನು ಕೆಳಗಿನಿಂದ ಎತ್ತುವ ಕಡ್ಡಿ) ಮೇಲೆ ಕೆಳಗೆ ಆಡದೆ, ಎರಡು ಬೆರಳಲ್ಲಿ ಸಲೀಸಾಗಿ ಸುತ್ತಬೇಕು. ಯುಸಿಇ (ಗೇರ್ ಬಾಕ್ಸೂ ಒಂದೇ ಕವಚದಲ್ಲಿರುವ) ಎಂಜಿನ್ನಿನ ಬುಲೆಟ್, ಕ್ಲಾಸಿಕ್‌ಗಳದ್ದು ಆಯಿಲ್ ಒತ್ತಡದಿಂದ ತಾನೇ ಸಂದು ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್. ಅಲ್ಲಿ ಸೆಟ್ಟಿಂಗೇ ಇಲ್ಲ. ಡ್ಯೂಕ್ 390ರಲ್ಲಿ ಸ್ಕ್ರೂ ಬದಲು ಶಿಮ್ (ಅಳತೆಯ ತೆಳು ಬಿಲ್ಲೆ) ಬದಲಿಸಬೇಕು, ಅದನ್ನು ತಿಳಿದವರಿಗೇ ಬಿಡಿ.

ಗ್ಯಾರೇಜಿನವರಲ್ಲಿ ಒಂದು ಕೋರಿಕೆ. ಬಿಲ್ಲಿನಲ್ಲಿ 'ಟ್ಯಾಪೆಟ್ ಸೆಟ್ಟಿಂಗ್' ಎಂದಷ್ಟೇ ಬರೆಯದೆ, ಬಿಚ್ಚಿದಾಗ ಇನ್ಲೆಟ್, ಎಕ್ಸಾಸ್ಟ್ ಎಷ್ಟಿತ್ತು, ಎಷ್ಟಕ್ಕೆ ಇಟ್ಟಿರಿ ಎಂದು ನಮೂದಿಸಿ. ಪ್ರತಿ ಸಲವೂ ಎಕ್ಸಾಸ್ಟ್ ಗ್ಯಾಪ್ ಕಡಿಮೆಯಾಗುತ್ತಾ ಬಂದರೆ ವಾಲ್ವ್ ಸೀಟು ತಗ್ಗುತ್ತಿದೆ ಎಂದರ್ಥ. ಆ ಎರಡು ಅಂಕಿ ಕೈಯಲ್ಲಿದ್ದರೆ, ಹೆಡ್ ಬಿಚ್ಚುವ ಖರ್ಚು ಬರುವ ಮೊದಲೇ ಬೈಕಿನವರಿಗೆ ತಿಳಿಯುತ್ತದೆ.

– ದ್ವಿಚಕ್ರ ವಾಹನ ಮೆಕ್ಯಾನಿಕ್, ಸೋಮವಾರಪೇಟೆ